‘ಇಂದ’ವೋ ‘ಮೂಲಕ’ವೋ: ಶ್ರೀರಾಂಪುರದ ಪಾದ್ರಿಗಳು ಮತ್ತು ರಾಮಮೋಹನ ರಾಯ್

1821ರ ಕಲ್ಕತ್ತ. ಮೂವರು ಕೂತು ಬೈಬಲಿನ ಸುವಾರ್ತೆಗಳನ್ನು ಬಂಗಾಳಿಗೆ ತರುತ್ತಿದ್ದಾರೆ. ಇಬ್ಬರು ಬ್ಯಾಪ್ಟಿಸ್ಟ್ ಪಾದ್ರಿಗಳು, ವಿಲಿಯಂ ಯೇಟ್ಸ್ ಮತ್ತು ವಿಲಿಯಂ ಆಡಮ್. ಮೂರನೆಯವರು ರಾಮಮೋಹನ ರಾಯ್. ಆಗ ಇದ್ದ ಬಂಗಾಳಿ ಅನುವಾದಗಳು ಓದುವವರ ಕಿವಿಗೆ ಒಗ್ಗುತ್ತಿರಲಿಲ್ಲ. ಅದಕ್ಕೇ ಹೊಸದಾಗಿ ಶುರು ಮಾಡಿದ್ದರು.

ಯೋಹಾನನ ಸುವಾರ್ತೆ, ಮೊದಲ ಅಧ್ಯಾಯ, ಮೂರನೇ ವಚನ. ಅಲ್ಲಿ ‘ವಾಕ್ಯ’ದ ಮಾತು ಬರುತ್ತದೆ. ವಾಕ್ಯ ಅಂದರೆ ಕ್ರಿಸ್ತ. ಎಲ್ಲವೂ ಅವನ... ಆಮೇಲೆ ಏನು? ಅವನಿಂದ ಆಯಿತೋ, ಅವನ ಮೂಲಕ ಆಯಿತೋ? ಗ್ರೀಕ್ ಮೂಲದಲ್ಲಿ ಇರುವುದು ‘ದಿಯಾ’ ಎಂಬ ಚಿಕ್ಕ ಪದ.

ಕನ್ನಡದವರಿಗೆ ಈ ಜಗಳ ಅರ್ಥವಾಗುವುದು ಸುಲಭ. ‘ಬಡಗಿಯಿಂದ ಆದ ಮಂಚ’ ಅಂದರೆ ಮಾಡಿದವನು ಬಡಗಿಯೇ. ‘ಮೇಸ್ತ್ರಿ ಮೂಲಕ ಕಟ್ಟಿಸಿದ ಮನೆ’ ಅಂದರೆ ಮೇಸ್ತ್ರಿಯ ಹಿಂದೆ ಇನ್ನೊಬ್ಬ ಯಜಮಾನ ಇದ್ದಾನೆ. ‘ಮೂಲಕ’ ಅಂತ ಬರೆದರೆ ಕ್ರಿಸ್ತನ ಮೇಲೆ ಒಬ್ಬ ದೇವರು ಕೂತಂತಾಗುತ್ತದೆ, ಅಲ್ವಾ? ಮೊದಲು ಮೂವರೂ ‘ಮೂಲಕ’ ಅಂತಲೇ ಒಪ್ಪಿದರು. ಒಂದೆರಡು ದಿನ ಬಿಟ್ಟು ಯೇಟ್ಸ್ ಮನಸ್ಸು ಬದಲಿಸಿದರು. ಇದರಲ್ಲಿ ಅರಿಯಸ್ಸನ ವಾಸನೆ ಬರುತ್ತಿದೆ ಎಂದರು. ಅರಿಯಸ್ ನಾಲ್ಕನೇ ಶತಮಾನದ ಅಲೆಕ್ಸಾಂಡ್ರಿಯದ ಪಾದ್ರಿ. ಮಗ ತಂದೆಗೆ ಸಮನಲ್ಲ, ತಂದೆ ಉಂಟುಮಾಡಿದವನು ಎಂದು ಹೇಳಿ ಸಭೆಯಿಂದ ಹೊರಬಿದ್ದವನು.

ಇಬ್ಬರು ಪಾದ್ರಿಗಳಿಗೂ ವಾದ ಹತ್ತಿಕೊಂಡಿತು. ಆಮೇಲೆ ಆಡಮ್ ನೆನಪಿಸಿಕೊಂಡ ಪ್ರಕಾರ, ಆ ಹೊತ್ತೆಲ್ಲ ರಾಮಮೋಹನ ರಾಯ್ ಕೈಯಲ್ಲಿ ಲೇಖನಿ ಹಿಡಿದು ಸುಮ್ನೆ ಕೂತಿದ್ದರು. ಎಲ್ಲ ಕೇಳಿಸಿಕೊಂಡರು. ಒಂದು ಮಾತೂ ಆಡಲಿಲ್ಲ.

ಈ ಸುಮ್ಮನಿದ್ದದ್ದೇ ಇಡೀ ಪ್ರಕರಣದಲ್ಲಿ ಹೆಚ್ಚು ಕೆಲಸ ಮಾಡಿತು ಅನ್ನುವುದು ನನ್ನ ಅನಿಸಿಕೆ. ಯಾಕೆಂದರೆ ಆ ವರ್ಷಗಳಲ್ಲಿ ಇದೇ ಮನುಷ್ಯ ಮಾತನ್ನೂ ಕಡಿಮೆ ಆಡಿರಲಿಲ್ಲ.

ಯಾರು, ಎಲ್ಲಿ

ಶಾಲೆಯಲ್ಲಿ ನಾವೆಲ್ಲ ‘ರಾಜಾರಾಮ್ ಮೋಹನ್ ರಾಯ್’ ಅಂತ ಬಾಯಿಪಾಠ ಮಾಡಿದವರು. ಹೆಸರು ರಾಮಮೋಹನ. ‘ರಾಜಾ’ ಮೊಘಲ್ ಬಾದಶಹ ಕೊಟ್ಟ ಬಿರುದು, ಅದು ಬಂದದ್ದು ಈ ಕಥೆ ಮುಗಿದ ಮೇಲೆ. ಬಂಗಾಳದ ರಾಧಾನಗರದ ಬ್ರಾಹ್ಮಣ. ಪಾರ್ಸಿ, ಅರಬ್ಬಿ, ಸಂಸ್ಕೃತ ಬಲ್ಲವರು. ಈಸ್ಟ್ ಇಂಡಿಯಾ ಕಂಪನಿಯ ಕಂದಾಯ ಇಲಾಖೆಯಲ್ಲಿ ದುಡಿದು, ಆ ಕೆಲಸ ಬಿಟ್ಟು, ಕಲ್ಕತ್ತದಲ್ಲಿ ನೆಲೆಸಿದ್ದರು. 1815ರಲ್ಲಿ ಆತ್ಮೀಯ ಸಭಾ ಎಂಬ ಕೂಟ ಕಟ್ಟಿದ್ದರು. ವಿಗ್ರಹಪೂಜೆ ಬೇಡ, ದೇವರು ಒಬ್ಬನೇ ಎಂದು ಉಪನಿಷತ್ತು ತೋರಿಸಿ ವಾದಿಸುತ್ತಿದ್ದರು. ಸಂಪ್ರದಾಯಸ್ಥರ ಬೈಗುಳ ತಿಂದೂ ಆಗಿತ್ತು. ಬೈಬಲನ್ನು ಮೂಲದಲ್ಲೇ ನೋಡಬೇಕೆಂದು ಗ್ರೀಕ್, ಹೀಬ್ರೂ ಕಲಿತರು.

ಎದುರಿಗೆ ಶ್ರೀರಾಂಪುರದ ಮಿಷನ್. ಕಲ್ಕತ್ತದ ಹತ್ತಿರದ ಈ ಊರು ಆಗ ಡೆನ್ಮಾರ್ಕಿನವರ ಕೈಲಿತ್ತು. ಕಂಪನಿ ತನ್ನ ಸೀಮೆಯಲ್ಲಿ ಮಿಷನರಿಗಳನ್ನು ಬಿಟ್ಟುಕೊಳ್ಳುತ್ತಿರಲಿಲ್ಲ. ಹಾಗಾಗಿ 1800ರಲ್ಲಿ ವಿಲಿಯಂ ಕೇರಿ, ಜೋಶುವಾ ಮಾರ್ಷ್‌ಮನ್, ವಿಲಿಯಂ ವಾರ್ಡ್ ಅಲ್ಲಿ ನೆಲೆ ಹೂಡಿದರು. ಅವರ ಅಚ್ಚುಕೂಟದಿಂದ ಹೊರಬಂದ ಭಾಷೆಗಳನ್ನು ಎಣಿಸುತ್ತಾ ಹೋದರೆ ನಮ್ಮದೂ ಸಿಗುತ್ತದೆ. ಕೇರಿಯ ಕನ್ನಡ ವ್ಯಾಕರಣ ಅಲ್ಲೇ 1817ರಲ್ಲಿ ಅಚ್ಚಾಯಿತು. ಮಾರ್ಷ್‌ಮನ್ ನೇಕಾರನ ಮಗ. ಚೀನೀ ಭಾಷೆ ಕಲಿತು ಇಡೀ ಬೈಬಲನ್ನು ಚೀನೀಗೆ ಅನುವಾದಿಸಿದವರು. ಈ ಚೀನೀ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈ ಎರಡು ಕಡೆಯವರೂ ಶತ್ರುಗಳಲ್ಲ. ಸತಿ ಪದ್ಧತಿ ನಿಲ್ಲಬೇಕು, ಶಾಲೆ ಬೇಕು, ವಿಗ್ರಹಪೂಜೆ ಬೇಡ. ಇಷ್ಟರಲ್ಲೂ ಒಮ್ಮತ. ಜಗಳ ಹುಟ್ಟಿದ್ದು ಹೊಗಳಿಕೆಯಿಂದ.

ಒಂದು ಪುಸ್ತಕ, ಒಂದು ಬೈಗುಳ

1820ರಲ್ಲಿ ರಾಮಮೋಹನ ರಾಯ್ ಒಂದು ಪುಸ್ತಕ ತಂದರು. ‘ಯೇಸುವಿನ ಉಪದೇಶಗಳು, ಶಾಂತಿಗೂ ಸುಖಕ್ಕೂ ದಾರಿ’ ಎಂಬ ಅರ್ಥದ ಇಂಗ್ಲಿಷ್ ಹೆಸರು. ಅಚ್ಚು ಹಾಕಿದ್ದು ಬ್ಯಾಪ್ಟಿಸ್ಟರದೇ ಪ್ರೆಸ್. ನಾಲ್ಕು ಸುವಾರ್ತೆಗಳಿಂದ ಯೇಸುವಿನ ನೀತಿಮಾತುಗಳನ್ನು ಆರಿಸಿದ್ದರು. ಪರ್ವತ ಪ್ರಸಂಗ ಇತ್ತು, ಸಾಮತಿಗಳು, ಅಂದರೆ ದೃಷ್ಟಾಂತದ ಕಥೆಗಳು, ಇದ್ದವು. ಪವಾಡಗಳನ್ನು ಬಿಟ್ಟರು. ಕ್ರಿಸ್ತ ಯಾರು ಎಂಬ ಸಿದ್ಧಾಂತದ ಭಾಗಗಳನ್ನೂ ಬಿಟ್ಟರು.

ಬಿಟ್ಟದ್ದಕ್ಕೆ ಮುನ್ನುಡಿಯಲ್ಲಿ ಕಾರಣ ಕೊಟ್ಟರು. ಚರಿತ್ರೆಯ ಭಾಗದ ಮೇಲೆ ಸಂಶಯವಾದಿಗಳು ತಕರಾರು ಎತ್ತುತ್ತಾರೆ. ಇನ್ನು ಪವಾಡಗಳೋ, ಅವು ಏಷ್ಯಾದ ಜನ ಕೇಳಿ ಬೆಳೆದ ಕಟ್ಟುಕಥೆಗಳ ಮುಂದೆ ಏನೇನೂ ಅಲ್ಲ. ಯೋಚಿಸಿ ನೋಡಿ, ಸಮುದ್ರವನ್ನೇ ಕುಡಿದ ಅಗಸ್ತ್ಯನ ಕಥೆ ಕೇಳಿ ಬೆಳೆದವನಿಗೆ ನೀರನ್ನು ದ್ರಾಕ್ಷಾರಸ ಮಾಡಿದ್ದು ದೊಡ್ಡ ಸುದ್ದಿಯೇ? ನೀತಿಯ ಮಾತು ಹಾಗಲ್ಲ. ಅದಕ್ಕೆ ಯಾರೂ ಎದುರು ಹೇಳುವುದಿಲ್ಲ. ಇದು ಅವರ ಲೆಕ್ಕ.

ಶ್ರೀರಾಂಪುರದವರ ‘ಫ್ರೆಂಡ್ ಆಫ್ ಇಂಡಿಯಾ’ ಪತ್ರಿಕೆಯಲ್ಲಿ ಅದೇ ವರ್ಷ ವಿಮರ್ಶೆ ಬಂತು. ಬರೆದದ್ದು ಇನ್ನೊಬ್ಬ ಮಿಷನರಿ. ಜೊತೆಗೆ ಮಾರ್ಷ್‌ಮನ್ ತಮ್ಮ ಮಾತನ್ನೂ ಸೇರಿಸಿದರು. ಅದರಲ್ಲಿ ಈ ಪುಸ್ತಕದ ಸಂಪಾದಕನನ್ನು ಬುದ್ಧಿವಂತ ‘ಹೀದನ್’ ಎಂದು ಕರೆದಿದ್ದರು. ಹೀದನ್ ಅಂದರೆ ದೇವರನ್ನರಿಯದ ವಿಗ್ರಹಾರಾಧಕ. ವಿಗ್ರಹ ಬೇಡವೆಂದು ಸ್ವಂತ ಜನರಿಂದಲೇ ಬೈಸಿಕೊಂಡವನಿಗೆ ಈ ಹೆಸರು!

ಇಲ್ಲಿ ಒಂದು ಕ್ಷಣ ನಿಂತು ಮಾರ್ಷ್‌ಮನ್ ಕಡೆಯ ಮಾತನ್ನೂ ಕೇಳಬೇಕು. ಅವರ ಮುಖ್ಯ ಆಕ್ಷೇಪಕ್ಕೆ ತೂಕ ಇತ್ತು. ಉಪದೇಶ ಮಾತ್ರ ಇಟ್ಟು ಉಪದೇಶಕ ಯಾರು ಎಂಬುದನ್ನು ಬಿಟ್ಟರೆ, ಆ ಬಿಟ್ಟದ್ದೇ ಒಂದು ಸಿದ್ಧಾಂತವಾಗುತ್ತದೆ. ಸುವಾರ್ತೆ ಬರೆದವರು ನೀತಿಪಾಠದ ಪುಸ್ತಕ ಬರೆಯಲಿಲ್ಲ. ಒಬ್ಬ ಮನುಷ್ಯ ಸತ್ತು ಎದ್ದ ಎಂದು ಬರೆದರು. ಅವನು ಪಾಪ ಕ್ಷಮಿಸುತ್ತೇನೆ ಎಂದ, ನಿಮ್ಮ ನ್ಯಾಯತೀರ್ಪು ನನ್ನ ಕೈಲಿದೆ ಎಂದ. ಅದನ್ನೆಲ್ಲ ಕತ್ತರಿಸಿ ‘ಒಳ್ಳೆಯ ಮಾತುಗಾರ’ ಎಂದರೆ ಅದು ಅದೇ ಮನುಷ್ಯನ ಚಿತ್ರವೇ? ಒಳ್ಳೆಯ ಪ್ರಶ್ನೆ. ಇವತ್ತಿಗೂ ಒಳ್ಳೆಯ ಪ್ರಶ್ನೆಯೇ. ಆದರೆ ‘ಹೀದನ್’ ಎಂಬ ಒಂದು ಪದ ಅದರ ಮುಂದೆ ಅಡ್ಡ ನಿಂತುಬಿಟ್ಟಿತು. ರಾಮಮೋಹನ ರಾಯ್ ಉತ್ತರ ಶುರು ಮಾಡಿದ್ದು ಆ ಪದದಿಂದಲೇ.

ಮೂರು ಮನವಿಗಳು

ಉತ್ತರಕ್ಕೆ ‘ಕ್ರೈಸ್ತ ಜನತೆಗೆ ಮನವಿ’ ಎಂದು ಹೆಸರಿಟ್ಟರು. ಬರೆದವನು ‘ಸತ್ಯದ ಗೆಳೆಯ’ ಅಂತ ಸಹಿ. ಒಬ್ಬನೇ ನಿಜ ದೇವರನ್ನು ನಂಬುವವನನ್ನು ಹೀಗೆ ಕರೆಯುವುದು ಸೌಜನ್ಯವೂ ಅಲ್ಲ, ಕ್ರೈಸ್ತರಿಗೆ ತಕ್ಕದ್ದೂ ಅಲ್ಲ ಎಂದರು. ಆಮೇಲೆ ನೇರವಾಗಿ ಲೂಕನ ಸುವಾರ್ತೆಗೆ ಹೋದರು. ನಿತ್ಯಜೀವಕ್ಕೆ ಏನು ಮಾಡಬೇಕು ಎಂಬ ಪ್ರಶ್ನೆ ಬಂದಾಗ ದೇವರನ್ನು ಪ್ರೀತಿಸು, ನೆರೆಯವನನ್ನು ಪ್ರೀತಿಸು ಎಂಬ ಎರಡು ಆಜ್ಞೆಗಳು ಅಲ್ಲಿ ಬರುತ್ತವೆ. ಹಾಗೇ ಮಾಡು, ಬದುಕುವೆ ಎನ್ನುತ್ತಾನೆ ಯೇಸು. ಸ್ವತಃ ಯೇಸುವೇ ಇದು ಸಾಕು ಎಂದಿರುವಾಗ ನೀವು ಸಾಲದು ಅನ್ನುವುದು ಹೇಗೆ?

ಮಾರ್ಷ್‌ಮನ್ ಉತ್ತರ ಕೊಟ್ಟರು. 1821ರಲ್ಲಿ ಎರಡನೇ ಮನವಿ ಬಂತು. ಮಾರ್ಷ್‌ಮನ್ ಅದಕ್ಕೂ ಉದ್ದಕ್ಕೆ ಬರೆದರು. 1823ರಲ್ಲಿ ಮೂರನೆಯದು, ‘ಅಂತಿಮ ಮನವಿ’. ಈ ಸಲ ಬ್ಯಾಪ್ಟಿಸ್ಟ್ ಪ್ರೆಸ್ ಅಚ್ಚು ಹಾಕಲ್ಲ ಎಂದಿತು. ರಾಮಮೋಹನ ರಾಯ್ ಧರ್ಮತಲಾದಲ್ಲಿ ತಮ್ಮದೇ ಪ್ರೆಸ್ ಹಾಕಿಕೊಂಡು ಅಚ್ಚು ಮಾಡಿಸಿದರು. ಹಟ ಅಂದರೆ ಹಟ.

ಒಳಗಿನ ವಾದ ಏನು? ಮಾರ್ಷ್‌ಮನ್ ದೈವತ್ವಕ್ಕೆ ಸಾಲಾಗಿ ಆಧಾರ ಕೊಟ್ಟರು. ಇಬ್ಬರು ಮೂವರು ಸೇರಿದಲ್ಲಿ ನಾನಿದ್ದೇನೆ ಎಂದ ಯೇಸು ಎಲ್ಲೆಡೆ ಇರುವವನು. ಪಾಪ ಕ್ಷಮಿಸಿದ. ಆರಾಧನೆ ಸ್ವೀಕರಿಸಿದ. ದೀಕ್ಷಾಸ್ನಾನ ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ಆಗಬೇಕೆಂದ. ಸೃಷ್ಟಿಯಾದ ಜೀವಿಗೆ ಇದೆಲ್ಲ ಸಲ್ಲುತ್ತದೆಯೇ?

ರಾಮಮೋಹನ ರಾಯ್ ಒಂದೊಂದನ್ನೂ ಬಿಚ್ಚಿದರು. ‘ನಾನೂ ತಂದೆಯೂ ಒಂದಾಗಿದ್ದೇವೆ’ ಎಂಬ ಮಾತು ತ್ರಿತ್ವದವರ, ಅಂದರೆ ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಎನ್ನುವವರ, ಗಟ್ಟಿ ಆಧಾರ. ಅದೇ ಯೋಹಾನನ ಹದಿನೇಳನೇ ಅಧ್ಯಾಯ ನೋಡಿ ಎಂದರು. ನಾವು ಒಂದಾಗಿರುವ ಹಾಗೆ ಇವರೂ ಒಂದಾಗಲಿ ಎಂದು ಯೇಸು ಶಿಷ್ಯರಿಗಾಗಿ ಬೇಡುತ್ತಾನೆ. ಹಾಗಾದರೆ ಶಿಷ್ಯರೂ ದೇವರಾದರೇ? ಇಲ್ಲ ತಾನೇ. ಇದು ಮನಸ್ಸಿನ ಒಂದುತನ, ಸಾರದ ಒಂದುತನ ಅಲ್ಲ. ‘ತಂದೆ ನನಗಿಂತ ದೊಡ್ಡವನು’ ಎಂಬುದೂ ಅದೇ ಪುಸ್ತಕದಲ್ಲಿದೆ. ನನ್ನನ್ನು ಒಳ್ಳೆಯವನೆಂದು ಯಾಕೆ ಕರೆಯುತ್ತೀ, ದೇವರೊಬ್ಬನೇ ಒಳ್ಳೆಯವನು ಎಂಬುದೂ ಬೇರೆ ಸುವಾರ್ತೆಗಳಲ್ಲಿದೆ.

ಪ್ರಾಯಶ್ಚಿತ್ತದ ವಿಷಯ ಇನ್ನೂ ಖಾರವಾಗಿತ್ತು. ಯೇಸುವಿನ ಸಾವಿಲ್ಲದೆ ಪಾಪಕ್ಕೆ ಪರಿಹಾರ ಇಲ್ಲ ಎಂದರು ಮಾರ್ಷ್‌ಮನ್. ಹಳೆಯ ಒಡಂಬಡಿಕೆಯ ಬಲಿಗಳನ್ನೂ, ಪರರ ಪಾಪ ಹೊತ್ತು ನರಳುವವನ ಮಾತು ಬರುವ ಯೆಶಾಯನ ಐವತ್ತಮೂರನೇ ಅಧ್ಯಾಯವನ್ನೂ ಮುಂದಿಟ್ಟರು. ಪಶ್ಚಾತ್ತಾಪ ಸಾಕು ಎಂದರು ರಾಮಮೋಹನ ರಾಯ್. ಯೇಸು ಹೇಳಿದ ಕಥೆಯಲ್ಲಿ ತಪ್ಪಿಹೋದ ಮಗ ಮನೆಗೆ ಬಂದಾಗ ಅಪ್ಪ ಓಡಿಬಂದು ತಬ್ಬಿಕೊಂಡ. ಮೊದಲು ಯಾರಾದರೂ ಸಾಯಲಿ ಎನ್ನಲಿಲ್ಲ.

ಪವಾಡಗಳ ವಿಷಯದಲ್ಲಿ ಅವರು ಇಟ್ಟ ಮಾತು ನನಗೆ ತುಂಬ ಹಿಡಿಸುತ್ತದೆ. ಬಹಳ ಜನ ಕಂಡಿದ್ದಾರೆ, ಶತ್ರುಗಳೂ ಒಪ್ಪಿದ್ದಾರೆ ಎಂಬುದೇ ಸಾಕ್ಷಿಯಾದರೆ, ಅಗಸ್ತ್ಯ, ವಸಿಷ್ಠ, ಗೌತಮರ ಪವಾಡಗಳಿಗೂ, ರಾಮ, ಕೃಷ್ಣ, ನರಸಿಂಹರ ಪವಾಡಗಳಿಗೂ ಅಂಥದೇ ದಾಖಲೆಗಳಿವೆ. ಒಂದನ್ನು ಒಪ್ಪಿ ಇನ್ನೊಂದನ್ನು ಬಿಡುವುದಕ್ಕೆ ಅಳತೆಗೋಲು ಯಾವುದು? ಸಂಶಯವಾದಿಗೆ ಉತ್ತರ ಕೊಡಹೊರಟವರು ಇಲ್ಲಿ ಕೂತು ಯೋಚಿಸಬೇಕಿತ್ತು. ಕೂರಲಿಲ್ಲ. ಇನ್ನಷ್ಟು ವಚನ ತಂದರು.

ಹಾಗೆ ನೋಡಿದರೆ ರಾಮಮೋಹನ ರಾಯ್ ಮಾಡಿದ್ದೂ ಅದನ್ನೇ. ಇಬ್ಬರೂ ಬೈಬಲ್ ಪ್ರಮಾಣ ಎಂದು ಒಪ್ಪಿಕೊಂಡವರ ಹಾಗೆ ವಾದಿಸಿದರು. ಮಾರ್ಷ್‌ಮನ್‌ಗೆ ಅದು ನಿಜವಾಗಿಯೂ ಪ್ರಮಾಣ. ರಾಮಮೋಹನ ರಾಯ್‌ಗೆ ಎಷ್ಟರಮಟ್ಟಿಗೆ? ತಾವು ನಂಬುವ ಒಂದೇ ದೇವರಿಗೆ ಒಪ್ಪುವ ಮಟ್ಟಿಗೆ. ಈ ಪ್ರಶ್ನೆಯನ್ನು ಮಾರ್ಷ್‌ಮನ್ ಮೊದಲ ದಿನವೇ ಕೇಳಿಬಿಟ್ಟಿದ್ದರೆ ಮೂರು ವರ್ಷದ ಕಾಗದ ಉಳಿಯುತ್ತಿತ್ತೇನೋ.

ಮೂವರು ಚೀನೀ ಶಿಷ್ಯರು

ತ್ರಿತ್ವವನ್ನು ನಂಬುವವರು ಹೇಳುವುದು ಮೂರು ದೇವರುಗಳ ಮಾತಲ್ಲ. ದೇವರ ಸಾರ ಒಂದೇ, ಅದರಲ್ಲಿ ತಂದೆ, ಮಗ, ಪವಿತ್ರಾತ್ಮ ಎಂಬ ಮೂವರು. ಈ ‘ಮೂವರು’ ಎನ್ನುವಲ್ಲಿ ಗ್ರೀಕರಿಗೆ ಒಂದು ಪದ ಇತ್ತು, ಲ್ಯಾಟಿನ್‌ನಲ್ಲಿ ಇನ್ನೊಂದು. ನಮ್ಮ ಭಾಷೆಗಳಲ್ಲಿ ‘ವ್ಯಕ್ತಿ’ ಎಂದರೆ ಕಣ್ಣ ಮುಂದೆ ಬರುವುದು ಮೂರು ಆಳು. ತೊಡಕೆಲ್ಲ ಇಲ್ಲಿಂದಲೇ.

ಆ ತೊಡಕನ್ನು ಹಿಡಿದು 1823ರಲ್ಲಿ ರಾಮಮೋಹನ ರಾಯ್ ಒಂದು ಪುಟ್ಟ ನಗೆಬರಹ ಬರೆದರು. ಪಾದ್ರಿಯೊಬ್ಬ ತನ್ನ ಮೂವರು ಚೀನೀ ಶಿಷ್ಯರನ್ನು ಕೇಳುತ್ತಾನೆ: ದೇವರು ಎಷ್ಟು? ಒಬ್ಬ ಹೇಳುತ್ತಾನೆ, ಮೂರು. ಇನ್ನೊಬ್ಬ, ಎರಡು. ಮತ್ತೊಬ್ಬ, ಒಂದೂ ಇಲ್ಲ. ಪಾದ್ರಿ ತಲೆ ಚಚ್ಚಿಕೊಳ್ಳುತ್ತಾನೆ. ಮೊದಲನೆಯವನು ಕೂಡಿಸಿ ತೋರಿಸುತ್ತಾನೆ: ತಂದೆ ಒಂದು, ಮಗ ಒಂದು, ಪವಿತ್ರಾತ್ಮ ಒಂದು, ನಮ್ಮ ಲೆಕ್ಕದಲ್ಲಿ ಮೂರು. ಎರಡನೆಯವನು: ಮೂರಿದ್ದವು, ಒಂದು ಪಶ್ಚಿಮದ ದೇಶದಲ್ಲಿ ಬಹಳ ಹಿಂದೆಯೇ ಸತ್ತಿತು ಎಂದು ನೀವೇ ಹೇಳಿದಿರಿ, ಉಳಿದದ್ದು ಎರಡು. ಮೂರನೆಯವನು: ಇದ್ದದ್ದು ಒಬ್ಬನೇ, ಅವನನ್ನು ಸಾವಿರದ ಎಂಟುನೂರು ವರ್ಷದ ಹಿಂದೆ ಕೊಂದರಲ್ಲ, ಇನ್ನೆಲ್ಲಿ?

ಶಿಷ್ಯರು ಚೀನೀಯರೇ ಯಾಕೆ? ಚೀನೀ ಬೈಬಲ್ ಮಾಡಿದ ಮಾರ್ಷ್‌ಮನ್‌ಗೆ ಕುಟುಕಿದ್ದು ಎಂದು ನನ್ನ ಊಹೆ.

ಅದೇ ವರ್ಷ ಟೈಟ್ಲರ್ ಎಂಬ ವೈದ್ಯರ ಜೊತೆ ಇನ್ನೊಂದು ಪತ್ರಜಗಳ. ಅಲ್ಲಿ ‘ರಾಮದಾಸ’ ಎಂಬ ಸುಳ್ಳು ಹೆಸರು. ಈ ರಾಮದಾಸ ಪಕ್ಕಾ ಸಂಪ್ರದಾಯಸ್ಥ ಹಿಂದೂ! ದೇವರು ಮನುಷ್ಯನಾಗಿ ಬಂದ ಎಂದು ನೀವೂ ನಂಬುತ್ತೀರಿ, ನಾವೂ ನಂಬುತ್ತೇವೆ, ಬನ್ನಿ, ಸೇರಿ ಆ ಯೂನಿಟೇರಿಯನ್ನರನ್ನು, ತ್ರಿತ್ವ ಒಪ್ಪದ ಕ್ರೈಸ್ತರನ್ನು, ಸೋಲಿಸೋಣ ಎಂದು ಕರೆದ. ವೈದ್ಯರಿಗೆ ಉರಿದದ್ದು ಹೇಳಬೇಕಿಲ್ಲ.

ಗಮ್ಮತ್ತಿನ ಬರಹಗಳು ನಿಜ. ಆದರೆ ಇವುಗಳಿಂದ ಯಾರ ಮನಸ್ಸೂ ತಿರುಗಲಿಲ್ಲ. ನಕ್ಕವರು ಮೊದಲೇ ಆ ಕಡೆ ಇದ್ದವರು.

ತಿರುಗಿದ ಒಬ್ಬ

ಮನಸ್ಸು ತಿರುಗಿದ್ದು ಆ ಅನುವಾದದ ಮೇಜಿನ ಬಳಿ. ತಿರುಗಿದವರು ಆಡಮ್. ಸ್ಕಾಟ್ಲೆಂಡಿನ ಡನ್‌ಫರ್ಮ್‌ಲಿನ್ ಊರಿನವರು. ಇಪ್ಪತ್ತರ ಆಸುಪಾಸಿನ ಹುಡುಗ, 1818ರಲ್ಲಿ ಹಿಂದೂಗಳನ್ನು ಕ್ರೈಸ್ತರನ್ನಾಗಿ ಮಾಡಲು ಬಂದವನು. ರಾಮಮೋಹನ ರಾಯ್‌ಗೂ ತ್ರಿತ್ವ ಒಪ್ಪಿಸಬೇಕೆಂಬ ಆಸೆ ಇಟ್ಟುಕೊಂಡಿದ್ದವನು. ‘ದಿಯಾ’ ಮೇಲಿನ ತಕರಾರು ಅವನ ತಲೆಯಲ್ಲಿ ಕೂತಿತು. ಮೂಲದಲ್ಲಿ ‘ಮೂಲಕ’ ಇರುವಾಗ ಸಿದ್ಧಾಂತಕ್ಕೆ ಹೆದರಿ ‘ಇಂದ’ ಎಂದು ಬರೆಯಬಹುದೇ? 1821ರಲ್ಲೇ ತಾನು ಇನ್ನು ತ್ರಿತ್ವ ನಂಬುವವನಲ್ಲ ಎಂದು ಹೇಳಿಕೊಂಡ. ಆ ವರ್ಷ ಕಲ್ಕತ್ತದಲ್ಲಿ ಯೂನಿಟೇರಿಯನ್ ಸಮಿತಿ ಹುಟ್ಟಿತು. ಬಿಳಿಯರ ವಲಯದಲ್ಲಿ ಅವನಿಗೆ ಅಡ್ಡಹೆಸರು ಬಿತ್ತು: ಜಾರಿಬಿದ್ದ ಎರಡನೇ ಆದಾಮ.

ಇಲ್ಲಿ ಯೇಟ್ಸ್ ಮಾಡಿದ ತಪ್ಪು ನೋಡಿ. ತ್ರಿತ್ವದ ಕಾವಲಿಗೆಂದೇ ನಾಲ್ಕನೇ ಶತಮಾನದಲ್ಲಿ ನೈಸೀಯದಲ್ಲಿ ಕೂಡಿದ ಸಭೆಯಿಂದ ವಿಶ್ವಾಸಪ್ರಮಾಣ, ಅಂದರೆ ಏನು ನಂಬಬೇಕು ಎಂಬ ಹೇಳಿಕೆ, ಬಂತು. ಅರಿಯಸ್ಸನನ್ನು ಹೊರಗಿಟ್ಟದ್ದೇ ಆ ಸಭೆ. ಅದರ ಗ್ರೀಕ್ ಪಾಠದಲ್ಲಿ ಮಗನ ಬಗ್ಗೆ ‘ಅವನ ಮೂಲಕ ಎಲ್ಲವೂ ಉಂಟಾಯಿತು’ ಎಂದೇ ಇದೆ. ಅದೇ ‘ದಿಯಾ’. ಅಂದರೆ ಅರಿಯಸ್ಸನ ವಿರೋಧಿಗಳಿಗೇ ಆ ಪದದಿಂದ ಭಯ ಇರಲಿಲ್ಲ. ಯೇಟ್ಸ್ ಅದನ್ನು ಹೇಳಿ ‘ಮೂಲಕ ಎಂದೇ ಬರೆಯೋಣ, ನನ್ನ ನಂಬಿಕೆಗೆ ಅದರಿಂದ ಏನೂ ಆಗದು’ ಎಂದಿದ್ದರೆ ಆಡಮ್ ಬಹುಶಃ ಉಳಿಯುತ್ತಿದ್ದರು. ಪದವನ್ನು ಬದಲಿಸಹೊರಟದ್ದನ್ನು ಕಂಡಾಗಲೇ ಅವರಿಗೆ ಅನುಮಾನ ಬಂದದ್ದು. ಎದುರಿಗಿದ್ದ ಸಂಶಯವಾದಿ ಅದಕ್ಕಾಗಿ ಬಾಯಿ ತೆರೆಯಬೇಕಾಗಲಿಲ್ಲ.

ಇನ್ನೊಂದು ಘಟನೆಯನ್ನೂ ಆಡಮ್ ಹೇಳಿದ್ದಾರೆ. ಕಲ್ಕತ್ತದ ಮೊದಲ ಆಂಗ್ಲಿಕನ್ ಬಿಷಪ್ ಮಿಡಲ್‌ಟನ್ ರಾಮಮೋಹನ ರಾಯ್ ಅವರನ್ನು ಕರೆಸಿ ಮತಾಂತರವಾಗಲು ಹೇಳಿದರಂತೆ. ಮತಾಂತರವಾದರೆ ನಿಮಗೆ ಭಾರತದಲ್ಲೂ ಇಂಗ್ಲೆಂಡಿನಲ್ಲೂ ದೊಡ್ಡ ಹೆಸರು ಬರುತ್ತದೆ ಎಂದರಂತೆ. ಸತ್ಯ ಯಾವುದು ಎಂದು ಕೇಳುವವನಿಗೆ ಹೆಸರಿನ ಆಸೆ ತೋರಿಸಿದರೆ ಏನಾಗಬೇಕೋ ಅದೇ ಆಯಿತು. ಅವರು ಮತ್ತೆ ಬಿಷಪ್ಪರ ಮುಖ ನೋಡಲಿಲ್ಲ.

ಆಮೇಲೆ

ಆಡಮ್ ನಡೆಸಿದ ಯೂನಿಟೇರಿಯನ್ ಆರಾಧನೆಗೆ ಜನ ಬರಲಿಲ್ಲ. ಒಂದು ದಿನ ಅಲ್ಲಿಂದ ಮನೆಗೆ ಹೋಗುವಾಗ ತಾರಾಚಂದ್ ಚಕ್ರವರ್ತಿ ಮತ್ತು ಚಂದ್ರಶೇಖರ ದೇವ್ ಎಂಬ ಶಿಷ್ಯರು ರಾಮಮೋಹನ ರಾಯ್ ಅವರನ್ನು ಕೇಳಿದರಂತೆ, ಪರರ ಜಾಗಕ್ಕೆ ಯಾಕೆ ಹೋಗಬೇಕು, ನಮ್ಮದೇ ಒಂದು ಇರಬಾರದೇ? 1828ರ ಆಗಸ್ಟಿನಲ್ಲಿ ಬ್ರಹ್ಮಸಭಾ ಶುರುವಾಯಿತು. ಮುಂದೆ ಅದೇ ಬ್ರಹ್ಮಸಮಾಜ. 1830ರ ಅದರ ದಸ್ತಾವೇಜಿನಲ್ಲಿ ಒಂದು ಷರತ್ತು ಇದೆ: ಯಾರೇ ಪೂಜಿಸುವ ಯಾವುದನ್ನೂ ಈ ಕಟ್ಟಡದೊಳಗೆ ಹೀಯಾಳಿಸಕೂಡದು. ಮೂವರು ಚೀನೀ ಶಿಷ್ಯರ ಕಥೆ ಬರೆದವರೇ ಮಾಡಿಸಿದ ದಸ್ತಾವೇಜು ಇದು.

ಆ ಸಮಾಜದ ಬೇರು ನಮ್ಮ ಕರಾವಳಿಗೂ ಬಂತು. 1870ರಲ್ಲಿ ಮಂಗಳೂರಿನಲ್ಲಿ ಬ್ರಹ್ಮಸಮಾಜ ಹುಟ್ಟಿತು. ಆ ಊರಿನಲ್ಲಿ ಬಾಸೆಲ್ ಮಿಷನ್ 1834ರಿಂದಲೇ ಕೆಲಸ ಮಾಡುತ್ತಿತ್ತು. ದಲಿತರಿಗಾಗಿ ಶಾಲೆ ತೆರೆದ ಕುದ್ಮುಲ್ ರಂಗರಾಯರು ಈ ಸಮಾಜದವರೇ.

ಆಡಮ್ ಪಾದ್ರಿಕೆಲಸ ಬಿಟ್ಟು ಪತ್ರಿಕೆ, ಶಿಕ್ಷಣ ಎಂದು ಹೋದರು. 1835ರಿಂದ 1838ರವರೆಗೆ ಬಂಗಾಳ, ಬಿಹಾರದ ಹಳ್ಳಿಶಾಲೆಗಳ ಬಗ್ಗೆ ಅವರು ಬರೆದ ಮೂರು ವರದಿಗಳನ್ನು ಶಿಕ್ಷಣದ ಚರಿತ್ರೆ ಓದುವವರು ಇವತ್ತಿಗೂ ತೆಗೆದು ನೋಡುತ್ತಾರೆ. ಶ್ರೀರಾಂಪುರದವರೂ ರಾಮಮೋಹನ ರಾಯ್ ಅವರೂ ಕೊನೆಗೆ ಒಂದೇ ಸಾಲಿನಲ್ಲಿ ಕಾಣಿಸಿಕೊಂಡರು. 1829ರ ಡಿಸೆಂಬರಿನಲ್ಲಿ ಸತಿ ನಿಷೇಧದ ಕಾಯ್ದೆ ಬಂದಾಗ ಅದನ್ನು ಬಂಗಾಳಿಗೆ ಅನುವಾದಿಸಿದವರು ಕೇರಿ. ಅದರ ವಿರುದ್ಧ ಸಂಪ್ರದಾಯಸ್ಥರು ಲಂಡನ್ನಿಗೆ ಹೋದಾಗ ಕಾಯ್ದೆಯ ಪರ ಅಲ್ಲಿ ನಿಂತವರು ರಾಮಮೋಹನ ರಾಯ್. 1833ರ ಸೆಪ್ಟೆಂಬರ್ 27ರಂದು ಬ್ರಿಸ್ಟಲ್‌ನಲ್ಲಿ ತೀರಿಕೊಂಡರು.

ಇನ್ನು ಆ ‘ದಿಯಾ’. ಮನೆಯಲ್ಲಿ ಕನ್ನಡ ಬೈಬಲ್ ಇದ್ದರೆ ಯೋಹಾನನ ಮೊದಲ ಅಧ್ಯಾಯ ತೆಗೆದು ಮೂರನೇ ವಚನ ನೋಡಿ. ಹೆಚ್ಚಾಗಿ ‘ಆತನ ಮೂಲಕ’ ಎಂದೇ ಇರುತ್ತದೆ. ಅದನ್ನು ಓದುವ ಸಭೆಗಳು ತ್ರಿತ್ವ ನಂಬಿಕೊಂಡೇ ಇವೆ.